ಅಂಬಾಸಿಡರ್ ಕ್ಲಾಸಿಕ್ ಆಯ್ತು, ಅದನ್ನ ಉಳಿಸಿದ ಕೈ ಏನಾಯ್ತು?



ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವಾದಾಗ ಪೂರ್ತಿ ಓದಿ.

ಹೋದ ತಿಂಗಳು ತಿಪಟೂರಿನಲ್ಲಿ ನೆಂಟರ ಮದುವೆ. ಛತ್ರದ ಮುಂದೆ ಬಿಳಿ ಅಂಬಾಸಿಡರ್ ನಿಂತಿತ್ತು. ಬಾನೆಟ್ ಮೇಲೆ ಸೇವಂತಿಗೆ ಹಾರ, ಕನ್ನಡಿ ಥರ ಹೊಳೆಯೋ ಬಂಪರ್. ಹುಡುಗರು ಸಾಲುಗಟ್ಟಿ ಸೆಲ್ಫಿ ತಗೋತಿದ್ರು. ಬೆಂಗಳೂರಿಂದ ಬಾಡಿಗೆಗೆ ತರಿಸಿದ್ದಂತೆ. ನಮ್ಮಪ್ಪ ಕೋಲೂರಿಕೊಂಡು ಅದರ ಸುತ್ತ ಎರಡು ಸುತ್ತು ಬಂದ. ನಂಬರ್ ನೋಡಿದ. ಡ್ರೈವರ್ ಕಡೆಯ ಬಾಗಿಲ ಹತ್ರ ಬಗ್ಗಿ ಏನೋ ಹುಡುಕಿದ. ಆಮೇಲೆ ನನ್ನ ಕರೆದು, "ಲೋ, ಇದು ನಮ್ಮ ಗಾಡಿ ಕಣೋ" ಅಂದ.

"ನಮ್ಮ" ಅಂದ್ರೆ ನಮ್ಮದಲ್ಲ. ತುರುವೇಕೆರೆಯ ಒಬ್ಬ ಕೊಬ್ಬರಿ ಮಂಡಿ ಸಾವ್ಕಾರರದ್ದು. ಅಪ್ಪ ಅದನ್ನ 19 ವರ್ಷ ಓಡಿಸಿದ್ದ. ಸಾವ್ಕಾರರು ತೀರಿಕೊಂಡ ಮೇಲೆ ಮಕ್ಕಳು ಗುಜರಿ ರೇಟಿಗೆ ಬ್ರೋಕರ್ ಕೈಗೆ ಕೊಟ್ಟಿದ್ರು. ಅದೇ ಗಾಡಿ ಈಗ ಬಣ್ಣ ಬಳಿಸಿಕೊಂಡು ಮದುವಣಗಿತ್ತಿ ಥರ ನಿಂತಿತ್ತು. ಅಪ್ಪ ಮೆಲ್ಲಗೆ ಬಾನೆಟ್ ಮೇಲೆ ಕೈ ಇಟ್ಟ. ಗಾಡಿ ಜೊತೆ ಬಂದಿದ್ದ ಹುಡುಗ ಓಡಿ ಬಂದು, "ತಾತ, ಮುಟ್ಟಬೇಡಿ. ಕ್ಲಾಸಿಕ್ ಗಾಡಿ ಇದು, ಕಲೆ ಆಗುತ್ತೆ" ಅಂದ.

ಆ ಹುಡುಗಂದು ತಪ್ಪಿಲ್ಲ. ಮಾಲೀಕ ಹೇಳಿಕೊಟ್ಟಿದ್ದನ್ನ ಹೇಳಿದ, ಅವನೂ ದಿನಗೂಲಿಯವನೇ. ನಮ್ಮಪ್ಪನ ಜಾತಿಯೂ ಅವನಿಗೆ ಗೊತ್ತಿರಲಿಲ್ಲ. ಆದ್ರೂ "ಮುಟ್ಟಬೇಡಿ" ಅನ್ನೋ ಮಾತು ನಮ್ಮ ಕಿವಿಗೆ ಬೀಳೋ ರೀತಿಯೇ ಬೇರೆ. ಅಪ್ಪ ಕೈ ತಗೊಂಡು ಊಟದ ಹಾಲ್ ಕಡೆ ಹೋದ. ನಾನು ಅಲ್ಲೇ ನಿಂತು ಬಾಡಿಗೆ ಎಷ್ಟು ಅಂತ ಕೇಳಿದೆ. ಒಂದು ದಿನದ ಬಾಡಿಗೆ, ಅಪ್ಪ ಅದೇ ಗಾಡಿಗೆ ಡ್ರೈವರ್ ಆಗಿ ಸೇರಿದಾಗಿನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಆಗಿನ ರೂಪಾಯಿ ಬೇರೆ, ಈಗಿನ ರೂಪಾಯಿ ಬೇರೆ, ನಂಗೂ ಗೊತ್ತು. ಆದ್ರೂ ಆ ಲೆಕ್ಕ ಅವತ್ತಿಂದ ತಲೆಯಿಂದ ಇಳೀತಾ ಇಲ್ಲ.

ಹಳೆ ಗಾಡಿ ಈಗ ಒಂದು ಉದ್ಯಮ. ಕೊಳ್ಳೋದು, ಮಾರೋದು, ರಿಪೇರಿ ಮಾಡಿ ಹೊಸದರಂತೆ ಮಾಡೋದು, ಮದುವೆಗೆ, ಸಿನಿಮಾ ಶೂಟಿಂಗಿಗೆ, ಫೋಟೋಗೆ ಬಾಡಿಗೆ ಬಿಡೋದು. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಮ್ಯೂಸಿಯಂ ನೋಡೋಕೆ ಜನ ಟಿಕೆಟ್ ತಗೊಂಡು ಹೋಗ್ತಾರೆ. ಬ್ರಿಟನ್ನಿನಲ್ಲಿ ಹಳೆ ವಾಹನ ಕ್ಲಬ್ಬುಗಳ ಒಕ್ಕೂಟ ಇದಕ್ಕೆ ಲೆಕ್ಕವನ್ನೇ ಹಾಕಿದೆ. 2016ರ ಸಮೀಕ್ಷೆಯಲ್ಲಿ ಈ ಕ್ಷೇತ್ರದಿಂದ ಆ ದೇಶದ ಆರ್ಥಿಕತೆಗೆ ವರ್ಷಕ್ಕೆ 550 ಕೋಟಿ ಪೌಂಡ್, 2020ರ ಸಮೀಕ್ಷೆಯಲ್ಲಿ 720 ಕೋಟಿ ಪೌಂಡ್. ಸಂತೋಷ. ನನ್ನ ಪ್ರಶ್ನೆ ಇಷ್ಟೇ: ಇಂಥ ಲೆಕ್ಕದ ಪುಸ್ತಕ ನಮ್ಮಲ್ಲಿ ಬರೆದಾಗ ನಮ್ಮಪ್ಪನಂಥವರ ಹೆಸರು ಯಾವ ಸಾಲಿನಲ್ಲಿ ಬರುತ್ತೆ?

ಇದಕ್ಕೆ ಉತ್ತರ ಹುಡುಕಬೇಕು ಅಂದ್ರೆ ಮೋಟಾರಿಗಿಂತ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆಯ ಮೊದಲ ಬಾಡಿಗೆ ವಾಹನ ಎತ್ತಿನ ಗಾಡಿ. ಬೆಂಗಳೂರಿಂದ ಹರಿಹರದವರೆಗಿನ ರೈಲು ದಾರಿ 1889ರ ಹೊತ್ತಿಗೆ ಪೂರ್ತಿಯಾಗಿ ತಿಪಟೂರಿಗೆ ರೈಲು ಬಂತು. ತುರುವೇಕೆರೆ ಪಟ್ಟಣಕ್ಕೆ ಇವತ್ತಿಗೂ ರೈಲಿಲ್ಲ, ಬಾಣಸಂದ್ರಕ್ಕೆ ಹೋಗಬೇಕು. ಕಾಯಿ, ಕೊಬ್ಬರಿ, ರಾಗಿ ಎಲ್ಲ ಗಾಡಿ ಮೇಲೇ ಮಂಡಿಗೆ, ಸ್ಟೇಷನ್ನಿಗೆ ಹೋಗ್ತಿತ್ತು. ಆ ಗಾಡಿಯ ಮಿಣಿ, ಬಾರುಕೋಲು, ಎತ್ತಿನ ಕೊರಳ ಪಟ್ಟಿ, ಹೊಲದ ಕಪಿಲೆಯ ಬಾನಿ, ಇಷ್ಟನ್ನೂ ಸತ್ತ ದನದ ಚರ್ಮ ಹದ ಮಾಡಿ ಕೊಟ್ಟೋರು ಯಾರು? ನಮ್ಮ ಮಾದಿಗ ಹಟ್ಟಿಯೋರು. ಅದಕ್ಕೆ ಸಿಗ್ತಿದ್ದುದು ಸುಗ್ಗಿ ಕಾಲದ ಆಯ, ಕಣದಲ್ಲಿ ಉಳಿದ ಕಾಳು. ಗಾಡಿಯ ಬಾಡಿಗೆ ರೂಪಾಯಿಯಲ್ಲಿ, ಗಾಡಿಗೆ ಬೇಕಾದ ಚರ್ಮದ ಕೆಲಸ ಮೊರದಷ್ಟು ರಾಗಿಯಲ್ಲಿ. ಸಾರಿಗೆಯ ಲೆಕ್ಕದಿಂದ ನಮ್ಮ ದುಡಿಮೆ ಹೊರಗುಳಿದಿದ್ದು ಅಲ್ಲಿಂದಲೇ.

ಇನ್ನು ಬಾಡಿಗೆ ಕೊಡೋ ಶಕ್ತಿ ಇದ್ದರೂ ನಮ್ಮೋರಿಗೆ ಸೀಟು ಸಿಗ್ತಿತ್ತಾ? ಬಾಬಾಸಾಹೇಬರ ಜೀವನವನ್ನೇ ನೋಡಿ. 1901ರಲ್ಲಿ, ಇನ್ನೂ ಚಿಕ್ಕ ಹುಡುಗ, ಅಣ್ಣ ಮತ್ತು ಬಂಧುಗಳ ಮಕ್ಕಳ ಜೊತೆ ತಂದೆಯನ್ನ ನೋಡೋಕೆ ಸಾತಾರಾದಿಂದ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಕೂಡಲೇ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅದೂ ಹೇಗೆ? ಮಕ್ಕಳೇ ಗಾಡಿ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ರಾತ್ರಿಯೆಲ್ಲ ಕುಡಿಯೋಕೆ ನೀರೂ ಸಿಗಲಿಲ್ಲ.

1929. ಅಷ್ಟೊತ್ತಿಗೆ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್, ಬಾಂಬೆ ಸರ್ಕಾರದ ಸಮಿತಿಯ ಸದಸ್ಯ. ಚಾಳೀಸಗಾಂವ್ ಸ್ಟೇಷನ್ನಿನಿಂದ ಹಟ್ಟಿಗೆ ಹೋಗೋಕೆ ಟಾಂಗಾ ಬೇಕಿತ್ತು. ಟಾಂಗಾದವನು ಗಾಡಿ ಬಾಡಿಗೆಗೆ ಕೊಡೋಕೆ ತಯಾರು, ತಾನು ಹೊಡೆಯೋಕೆ ಮಾತ್ರ ತಯಾರಿಲ್ಲ. ಟಾಂಗಾ ಹೊಡೆದು ಅಭ್ಯಾಸವೇ ಇಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿ ಬಾಬಾಸಾಹೇಬರು ಹೊರಗೆ ಎಸೆಯಲ್ಪಟ್ಟರು, ಕಾಲು ಮುರೀತು. ಗಾಡಿ ದುಡ್ಡಿಗೆ ಸಿಗುತ್ತೆ, ಗಾಡಿ ಹೊಡೆಯೋನ ದುಡಿಮೆ ದುಡ್ಡಿಗೂ ಸಿಗಲ್ಲ. ಮಾರುಕಟ್ಟೆಗೆ ಜಾತಿ ಇಲ್ಲ ಅನ್ನೋರು ಈ ಎರಡು ಪ್ರಯಾಣ ಓದಬೇಕು.

ಈ ಗೋಡೆ ಸ್ವಲ್ಪವಾದ್ರೂ ಬಿರುಕು ಬಿಟ್ಟಿದ್ದು ಸರ್ಕಾರ ಬಸ್ ಓಡಿಸೋಕೆ ಶುರು ಮಾಡಿದ ಮೇಲೆ. ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ಕ್ಕೆ 120 ಬಸ್ಸುಗಳೊಂದಿಗೆ ಆರಂಭವಾಯ್ತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯ್ತು, ಇವತ್ತಿನ ಕೆಎಸ್‌ಆರ್‌ಟಿಸಿ. ಟಿಕೆಟ್ ತಗೊಂಡ ಮೇಲೆ ಸೀಟು ನಂದು ಅಂತ ಹೇಳೋಕೆ ಒಂದು ಕಾಗದದ ಚೂರು ಕೈಗೆ ಬಂತು. ಮೀಸಲಾತಿಯಿಂದ ನಮ್ಮೋರು ಖಾಕಿ ಹಾಕಿ ಡ್ರೈವರ್, ಕಂಡಕ್ಟರ್ ಆದ್ರು. ನಮ್ಮ ಹಟ್ಟಿಯಲ್ಲಿ ಮೊದಲು ತಾರಸಿ ಮನೆ ಕಟ್ಟಿದ್ದು ಒಬ್ಬ ಕಂಡಕ್ಟರ್ ಅಣ್ಣ.

ಬಾಡಿಗೆ ವಾಹನದ ಇತಿಹಾಸದಲ್ಲಿ ನಮ್ಮ ರಾಜ್ಯದ ಇನ್ನೊಂದು ದೊಡ್ಡ ಅಧ್ಯಾಯ ಇದೆ. ದೇವರಾಜ ಅರಸು ಸರ್ಕಾರ 1976ರಲ್ಲಿ ಕಾಯ್ದೆ ತಂದು ಖಾಸಗಿ ಕಾಂಟ್ರಾಕ್ಟ್ ಕ್ಯಾರೇಜ್ ಬಸ್ಸುಗಳನ್ನ ವಶಪಡಿಸಿಕೊಂಡಿತು. ಮಾಲೀಕರು ಕೋರ್ಟಿಗೆ ಹೋದ್ರು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿ ಹಿಡೀತು. ಸಂವಿಧಾನದ 39(ಬಿ) ವಿಧಿಯ "ಸಮುದಾಯದ ಭೌತಿಕ ಸಂಪನ್ಮೂಲ" ಅನ್ನೋದರಲ್ಲಿ ಖಾಸಗಿ ಸಂಪತ್ತೂ ಸೇರುತ್ತೆ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದು ಇದೇ ನಮ್ಮ ಬಾಡಿಗೆ ಬಸ್ಸುಗಳ ಕೇಸಿನಲ್ಲಿ. 2024ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ ಆ ವಿಶಾಲ ಅರ್ಥವನ್ನ ಒಪ್ಪಲಿಲ್ಲ. ಅಂದ್ರೆ ವಾಹನ ಯಾರದು, ಅದರ ಲಾಭ ಯಾರಿಗೆ ಅನ್ನೋದು ಗ್ಯಾರೇಜಿನ ಮಾತು ಮಾತ್ರ ಅಲ್ಲ, ಸಂವಿಧಾನದ ಪ್ರಶ್ನೆ ಕೂಡ.

ಬಸ್ಸು ಸರ್ಕಾರದ್ದಾಯ್ತು, ಬಾಡಿಗೆ ಕಾರು ಮಾತ್ರ ಖಾಸಗಿಯವರ ಕೈಲೇ ಉಳೀತು. ನಮ್ಮಪ್ಪನ ಕಥೆ ಶುರುವಾಗೋದು ಇಲ್ಲಿಂದ.

ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ. ನಡೆಸ್ತಿದ್ದುದು ಒಬ್ಬ ಮುಸ್ಲಿಂ ಮೇಸ್ತ್ರಿ. ಇವತ್ತಿಗೂ ಅಪ್ಪ ಅವರನ್ನ 'ಉಸ್ತಾದ್' ಅಂತಲೇ ಕರೆಯೋದು. "ನೀನು ಯಾವ ಪೈಕಿ ಅಂತ ಉಸ್ತಾದ್ ಒಂದಿನ ಕೇಳ್ಲಿಲ್ಲ. ಹನ್ನೆರಡು ಹದಿಮೂರರ ಸ್ಪ್ಯಾನರ್ ಯಾವುದು ಅಂತ ಕೇಳಿದ್ರು" ಅಂತಾನೆ. ಅವರ ಮನೆಯಿಂದ ಬಂದ ಬುತ್ತಿಯನ್ನ ಒಂದೇ ತಟ್ಟೆಯಲ್ಲಿ ಉಂಡ ಮೊದಲ ಜಾಗ ಅದು. ಅಲ್ಲಿ ಅಪ್ಪ ಪಾಯಿಂಟ್ ಸೆಟ್ಟಿಂಗ್ ಕಲಿತ, ಕಾರ್ಬೊರೇಟರ್ ಬಿಚ್ಚಿ ತೊಳೆಯೋದು ಕಲಿತ, ಇಂಜಿನ್ ಶಬ್ದ ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳೋದು ಕಲಿತ. ಸರ್ಟಿಫಿಕೇಟ್ ಇಲ್ಲ, ಐಟಿಐ ಇಲ್ಲ.

ಆಗಿನ ಅಂಬಾಸಿಡರ್ ನೆನಪಿದೆಯಾ? ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸ್ತಿತ್ತು. ನಮ್ಮಂಥ ಊರಲ್ಲಿ ಅದು ಕಾರು ಅಲ್ಲ, ಅರ್ಧ ಬಸ್ಸು. ಹೆರಿಗೆಗೆ ಅದೇ, ಹೆಣ್ಣು ನೋಡೋಕೆ ಅದೇ, ಧರ್ಮಸ್ಥಳ, ಯಡಿಯೂರು, ತಿರುಪತಿಗೆ ಅದೇ. ಹಿಂದೆ ಆರು, ಮುಂದೆ ಮೂರು, ತೊಡೆ ಮೇಲೆ ಮಕ್ಕಳು. ಡಿಕ್ಕಿಯಲ್ಲಿ ಕೊಬ್ಬರಿ ಸ್ಯಾಂಪಲ್ ಚೀಲ. ಒಂದು ಟ್ಯಾಕ್ಸಿ ಸುತ್ತ ಎಷ್ಟು ಹೊಟ್ಟೆ ತುಂಬ್ತಿತ್ತು ಎಣಿಸಿ ನೋಡಿ: ಡ್ರೈವರ್, ಮೆಕ್ಯಾನಿಕ್, ಪಂಕ್ಚರ್ ಅಂಗಡಿ, ಬ್ಯಾಟರಿ ಅಂಗಡಿ, ವೆಲ್ಡಿಂಗ್‌ನೋನು, ಸೀಟ್ ಹೊಲಿಯೋನು, ಸ್ಟ್ಯಾಂಡಿನ ಟೀ ಅಂಗಡಿ. ಹಳೆ ವಾಹನದ "ಆರ್ಥಿಕ ಕೊಡುಗೆ" ಅಂದ್ರೆ ನನ್ನ ಪ್ರಕಾರ ಇದು. ಇದನ್ನ ಯಾರೂ ಕ್ಲಾಸಿಕ್ ಅಂತ ಕರೀಲಿಲ್ಲ, ಹೊಟ್ಟೆಪಾಡು ಅಂತ ಕರೆದ್ರು.

ಆ ಗಾಡಿಯೊಳಗೂ ಜಾತಿ ಇತ್ತು. ಸಾವ್ಕಾರರು ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಮೈಗೆ ಮೈ ತಾಗಿಸಿಕೊಂಡು ಬೆಂಗಳೂರಿಗೆ ಹೋಗಿ ಬರ್ತಿದ್ರು. ಮನೆ ಮುಂದೆ ಗಾಡಿ ನಿಂತ ಮೇಲೆ ಅಪ್ಪ ಬೊಗಸೆ ಒಡ್ಡಬೇಕು, ಮೇಲಿಂದ ನೀರು ಸುರೀತಿದ್ರು. ನೂರಿಪ್ಪತ್ತು ಕಿಲೋಮೀಟರ್ ಇಲ್ಲದ ಮೈಲಿಗೆ ಜಗಲಿ ಹತ್ರ ಬಂದ ಕೂಡಲೇ ಎಲ್ಲಿಂದ ಬರ್ತಿತ್ತೋ! ಸ್ಟೇರಿಂಗ್ ಹಿಡಿದ ಕೈಗೆ ಲೋಟ ಇರಲಿಲ್ಲ.

ಹಟ್ಟಿಯ ಬಾಡಿಗೆ ಅಂದ್ರೆ ಸ್ಟ್ಯಾಂಡಿನ ಎಷ್ಟೋ ಗಾಡಿಗಳು "ರಸ್ತೆ ಸರಿ ಇಲ್ಲ, ಮೇನ್ ರೋಡಿಗೆ ಬನ್ನಿ" ಅಂತಿದ್ವು. ಅದೇ ರಸ್ತೆಯಲ್ಲಿ ಕಾಯಿ ತುಂಬಿದ ಲಾರಿ ಆರಾಮಾಗಿ ಹೋಗ್ತಿತ್ತು. ಬಾಣಂತಿಯನ್ನ ಮಂಚದ ಮೇಲೆ ಹೊತ್ತು ಮೇನ್ ರೋಡಿಗೆ ತಂದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಸಾವ್ಕಾರರು ಊರಲ್ಲಿ ಇಲ್ಲದ ಒಂದು ದಿನ ನಮ್ಮ ಚಿಕ್ಕಪ್ಪನ ಮದುವೆಗೆ ಅಪ್ಪ ಆ ಬಿಳಿ ಅಂಬಾಸಿಡರನ್ನ ಹಟ್ಟಿಯೊಳಕ್ಕೆ ತಂದ. ಮದುವೆ ಗಂಡು ಕಾರಿನಲ್ಲಿ ಕೂತು ಊರ ಬೀದಿ ದಾಟಿದ್ದು ಅದೇ ಮೊದಲು. ಮಾರನೇ ದಿನ ಸುದ್ದಿ ಮುಟ್ಟಿ ಅಪ್ಪನಿಗೆ ಮೂರು ತಿಂಗಳು ಕೆಲಸ ಇಲ್ಲ. ಗಾಡಿ ಕೆಟ್ಟು ನಿಂತು, ಬೇರೆ ಯಾರ ಕೈಗೂ ಬಗ್ಗದೆ ಹೋದಾಗ ಮತ್ತೆ ಕರೆಸಿದ್ರು. ಮದುವೆ ಮನೇಲಿ ಅಪ್ಪ ಬಾಗಿಲ ಕೆಳಗೆ ಹುಡುಕಿದ್ದು ಆವತ್ತು ಬಿದ್ದ ಕಲ್ಲಿನ ಗುರುತನ್ನ. ಈಗ ಅದನ್ನ ಪಟ್ಟಿ ತುಂಬಿ ಬಣ್ಣ ಬಳಿದವ್ರೆ, ಕೈಗೆ ಮಾತ್ರ ಸಿಗುತ್ತೆ.

ಇದು ಅಂಬಾಸಿಡರ್ ಒಂದರ ಕಥೆ ಅಲ್ಲ. ನಮ್ಮ ರಾಜ್ಯದ್ದೇ ಗಾಡಿ ಜಾವಾ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕ್ ತಯಾರಿಸ್ತು, 1973ರಿಂದ 'ಯೆಜ್ಡಿ' ಹೆಸರಲ್ಲಿ, 1996ರಲ್ಲಿ ಬಾಗಿಲು ಹಾಕ್ತು. ಕಾರ್ಖಾನೆ ಮುಚ್ಚಿದ ಮೇಲೆ ಆ ಬೈಕುಗಳು ಇಷ್ಟು ವರ್ಷ ಹೇಗೆ ಓಡಿದ್ವು? ಸಣ್ಣ ಊರಿನ ಮೆಕ್ಯಾನಿಕ್‌ಗಳು ಲೇತ್‌ನಲ್ಲಿ ಪಾರ್ಟ್ ಕಡೆಸಿ, ಒಂದರದ್ದು ಇನ್ನೊಂದಕ್ಕೆ ಹಾಕಿ ಓಡಿಸಿದ್ರು. ಇವತ್ತು ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯಿಂದ ಮತ್ತೆ ಮಾರುಕಟ್ಟೆಗೆ ಬಂದ್ವು. ಯೆಜ್ಡಿ ಅನ್ನೋ ಹೆಸರು ಯಾರಿಗೆ ಸೇರಬೇಕು ಅಂತ ಹೈಕೋರ್ಟಿನಲ್ಲಿ ದಾವೆ ನಡೀತು.

ಅಂಬಾಸಿಡರ್ ಕಥೆಯೂ ಅದೇ. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಾಗ ಅಲ್ಲಿನ ಕಾರ್ಮಿಕರಿಗೆ ತಿಂಗಳುಗಳ ಸಂಬಳ ಬಾಕಿ ಇತ್ತು. 2017ರಲ್ಲಿ 'ಅಂಬಾಸಿಡರ್' ಅನ್ನೋ ಬರೀ ಹೆಸರು ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಾಟ ಆಯ್ತು. ಗಾಡಿ ಇಲ್ಲ, ಕಾರ್ಖಾನೆ ಇಲ್ಲ, ಹೆಸರಿಗೆ 80 ಕೋಟಿ. ಆ ಹೆಸರಿಗೆ ಬೆಲೆ ಬಂದಿದ್ದು ಯಾರಿಂದ? ಐವತ್ತು ವರ್ಷ ಅದು ದಾರಿ ಮಧ್ಯೆ ನಿಲ್ಲದ ಹಾಗೆ ನೋಡಿಕೊಂಡ ಲಕ್ಷಾಂತರ ಕೈಗಳಿಂದ.

ನಮ್ಮ ಕಡೆಯೋರಿಗೆ ಕೊಬ್ಬರಿ ಉದಾಹರಣೆ ಕೊಟ್ಟರೆ ಬೇಗ ಅರ್ಥ ಆಗುತ್ತೆ. ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತೆ, ಬೆಲೆ ಬರುತ್ತೆ. ನೋಡೋರಿಗೆ ಬರೀ ಕೂತಿದ್ದಕ್ಕೇ ಬೆಲೆ ಬಂದ ಹಾಗೆ. ಆದರೆ ಮರ ಹತ್ತಿದೋನು, ಕಾಯಿ ಹೊತ್ತೋನು, ಮಟ್ಟೆ ಸುಲಿದು ಅಂಗೈ ಒಡೆದುಕೊಂಡೋನು, ಕರಟ ಒಡೆದ ಹೆಂಗಸು ಇಲ್ಲದೆ ಮಂಡಿಗೆ ಉಂಡೆ ಕೊಬ್ಬರಿ ಬರುತ್ತಾ? ಹಳೆ ಗಾಡಿಯೂ ಹಂಗೇ. ಶೆಡ್ಡಿನಲ್ಲಿ ಸುಮ್ನೆ ಬಿಟ್ಟ ಗಾಡಿ ತುಕ್ಕು ಹಿಡಿಯುತ್ತೆ, ಕ್ಲಾಸಿಕ್ ಆಗಲ್ಲ. ಅದರ ಬೆಲೆ ಅಂದ್ರೆ ಅದರೊಳಗೆ ತುಂಬಿಟ್ಟ ದುಡಿಮೆ. ಬೆಲೆ ಮಾತ್ರ ಕೊನೇಲಿ ಯಾರ ಕೈಲಿ ಆರ್‌ಸಿ ಇದೆಯೋ ಅವನಿಗೆ.

ಕಾನೂನೂ ಆ ಕಡೆಗೇ ವಾಲಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಗೆ 'ವಿಎ' ಅಕ್ಷರದ ಪ್ರತ್ಯೇಕ ನಂಬರ್. ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲೆ ಮರುನೋಂದಣಿಗೆ 5,000. ಹೀಗೆ ನೋಂದಾಯಿಸಿದ ಗಾಡಿಯನ್ನ ಪ್ರದರ್ಶನ, ರ‍್ಯಾಲಿಗೆ ರಸ್ತೆಗೆ ತರಬಹುದು, ಬಾಡಿಗೆಗೆ ದುಡಿಸೋ ಹಾಗಿಲ್ಲ. ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡಿಸೋದಂತೂ ಮೊದಲಿಂದಲೂ ತಪ್ಪೇ. 50 ವರ್ಷ ಆಗದ ಗಾಡಿಗೆ? 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ 600ರಿಂದ 5,000ಕ್ಕೆ, ಬೈಕಿಂದು 300ರಿಂದ 1,000ಕ್ಕೆ ಏರಿತು. ಹವ್ಯಾಸಕ್ಕೆ ಇಟ್ಟುಕೊಂಡ ಉಳ್ಳವರು ಕಟ್ತಾರೆ, ಕಾದು ಕೂರ್ತಾರೆ. ಅದೇ ಗಾಡಿಯಲ್ಲಿ ಹಾಲಿನ ಕ್ಯಾನ್ ಹೊರೋನು ಗುಜರಿಗೆ ಕೊಡ್ತಾನೆ. ಹೊಗೆ ಕಡಿಮೆ ಆಗಲಿ, ನಂದೂ ಒಪ್ಪಿಗೆ. ಆದರೆ ಬಡವನ ಹಳೆ ಗಾಡಿ ಮಾಲಿನ್ಯ, ಶ್ರೀಮಂತನ ಹಳೆ ಗಾಡಿ ಪರಂಪರೆ ಅನ್ನೋ ಭೇದ ನನಗೆ ಒಪ್ಪಿಗೆ ಇಲ್ಲ.

ಹಾಗಾದ್ರೆ ಏನು ಮಾಡೋಣ? ಬರೀ ಗೋಳು ಹೇಳೋಕೆ ಈ ಪೋಸ್ಟ್ ಹಾಕಿಲ್ಲ.

ಒಂದು: ನಮ್ಮ ಹುಡುಗರಿಗೆ ಟ್ಯಾಕ್ಸಿ ಕೊಳ್ಳೋಕೆ ಯೋಜನೆಗಳಿವೆ. 2018ರ 'ಐರಾವತ', ಆಮೇಲೆ ಬಂದ 'ಸ್ವಾವಲಂಬಿ ಸಾರಥಿ', ವಾಹನದ ಬೆಲೆಯ 75 ಪರ್ಸೆಂಟ್, ಗರಿಷ್ಠ 4 ಲಕ್ಷ ಸಹಾಯಧನ. ಒಳ್ಳೇದೇ, ಅರ್ಹರು ಅರ್ಜಿ ಹಾಕಿ. ಆದರೆ ನಮ್ಮನ್ನ ಯಾವಾಗಲೂ ಸ್ಟೇರಿಂಗ್ ಹಿಂದೆಯೇ ಯಾಕೆ ಕೂರಿಸಬೇಕು? ಗ್ಯಾರೇಜ್ ಹಾಕೋಕೆ, ಹಳೆ ಗಾಡಿ ದುರಸ್ತಿ ಕಾರ್ಯಾಗಾರ ನಡೆಸೋಕೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ಸಾಲ, ಸಹಾಯಧನ ಕೇಳೋಣ. ಇಂಗ್ಲೆಂಡಿನ ಬಿಸ್ಟರ್ ಅನ್ನೋ ಊರಿನ ಹಳೆ ವಾಯುಪಡೆ ನೆಲೆಯಲ್ಲಿ ಹಳೆ ಗಾಡಿ ರಿಪೇರಿಯನ್ನೇ ಅಪ್ರೆಂಟಿಸ್‌ಗಳಿಗೆ ಕಲಿಸೋ ಅಕಾಡೆಮಿ ಇದೆ. ನಮ್ಮಲ್ಲಿ ಉಸ್ತಾದ್‌ಗಳೂ, ಅಪ್ಪಂದಿರೂ ಇನ್ನೂ ಬದುಕಿದ್ದಾರೆ. ಅವರನ್ನ ಐಟಿಐಗಳಿಗೆ ಗೌರವಧನ ಕೊಟ್ಟು ಪಾಠ ಹೇಳೋಕೆ ಕರೆಯಲಿ.

ಎರಡು: ಹಟ್ಟಿಯಲ್ಲಿ, ಕೊಟ್ಟಿಗೆಯಲ್ಲಿ ಹಳೆ ಜಾವಾ, ಯೆಜ್ಡಿ, ಜೀಪು ಬಿದ್ದಿದ್ರೆ ಬ್ರೋಕರ್ ಬಂದ ದಿನವೇ ಕೆ.ಜಿ. ಲೆಕ್ಕದಲ್ಲಿ ಕೊಡಬೇಡಿ. ಆರ್‌ಸಿ, ಇಂಜಿನ್ ನಂಬರ್ ಹುಡುಕಿಟ್ಟುಕೊಳ್ಳಿ, ನಾಲ್ಕು ಕಡೆ ಬೆಲೆ ಕೇಳಿ.

ಮೂರು: ನಿಮ್ಮ ಮನೆಯ, ಕೇರಿಯ ಹಳೆ ಡ್ರೈವರ್, ಕ್ಲೀನರ್, ಮೆಕ್ಯಾನಿಕ್‌ಗಳ ಮಾತನ್ನ ಮೊಬೈಲಿನಲ್ಲಾದ್ರೂ ರೆಕಾರ್ಡ್ ಮಾಡಿಡಿ. ಕಂಪನಿಯ ಚರಿತ್ರೆ, ಮಹಾರಾಜರ ಕಾರಿನ ಚರಿತ್ರೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಮ್ಮದನ್ನ ನಾವೇ ಬರೀಬೇಕು.

ಮದುವೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಾಗ ಛತ್ರದ ಮುಂದೆ ಆ ಗಾಡಿ ಸ್ಟಾರ್ಟ್ ಆಗ್ತಾ ಇರಲಿಲ್ಲ. ಆ ಹುಡುಗ ಬಾನೆಟ್ ಎತ್ತಿ ಬೆವರ್ತಿದ್ದ. ಅಪ್ಪ ದೂರದಿಂದಲೇ ನಿಂತು ಕೇಳಿದ. "ಪಾಯಿಂಟ್ ಉಜ್ಜು ಮಗ, ಪೆಟ್ರೋಲ್ ಬರ್ತಾ ಇದೆ" ಅಂದ. ಹುಡುಗ ತಿರುಗಿ ನೋಡಿದ. "ಬನ್ನಿ ತಾತ, ಸ್ವಲ್ಪ ನೋಡಿ" ಅಂದ. ಅಪ್ಪ ಕೋಲು ನನ್ನ ಕೈಗೆ ಕೊಟ್ಟು ಹೋದ. ಐದು ನಿಮಿಷಕ್ಕೆ ಗಾಡಿ ಸ್ಟಾರ್ಟ್ ಆಯ್ತು. ಆ ಹುಡುಗ ತಾನು ಕುಡಿಯೋಕೆ ಇಟ್ಟುಕೊಂಡಿದ್ದ ನೀರಿನ ಬಾಟಲಿ ಕೊಟ್ಟ, ಅಪ್ಪ ಬಾಯಿಟ್ಟು ಕುಡಿದು ವಾಪಸ್ ಕೊಟ್ಟ, ಅವನೂ ಕುಡಿದ.

ಕೂಲಿ ಮಾತ್ರ ಯಾರೂ ಕೊಡಲಿಲ್ಲ. ಅಪ್ಪನೂ ಕೇಳಲಿಲ್ಲ. ಆ ಕೂಲಿಯನ್ನ ಕೇಳೋ ಕೆಲಸ ಈಗ ನಮ್ಮದು.

ಜೈ ಭೀಮ್.